ಹಳೇ ಲ್ಯಾಪ್‌ಟಾಪ್ ಪರದೆಯಿಂದ ಎರಡನೇ ಮಾನಿಟರ್: ಮೊದಲು ನಂಬರ್ ಓದಿ, ಆಮೇಲೆ ಬೋರ್ಡ್ ಕೊಳ್ಳಿ

ಮದರ್‌ಬೋರ್ಡ್ ಕೆಟ್ಟು ಅಟ್ಟ ಸೇರಿದ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಕೆಡದೆ ಉಳಿಯುವುದು ಪರದೆ. ಅದನ್ನು (ರಿಪೇರಿಯವರ ಮಾತಿನಲ್ಲಿ ಪ್ಯಾನೆಲ್) ಬಿಚ್ಚಿ, ಕಂಪ್ಯೂಟರಿನ ಚಿತ್ರ ಸಂಕೇತವನ್ನು ಅದಕ್ಕೆ ಹೊಂದಿಸಿ ಕೊಡುವ ಒಂದು ಕಂಟ್ರೋಲರ್ ಬೋರ್ಡ್ ಜೋಡಿಸಿದರೆ ಎಚ್‌ಡಿಎಂಐ ಇರುವ ಮಾನಿಟರ್ ಆಗುತ್ತದೆ. ಕೆಲಸ ಕಷ್ಟದ್ದಲ್ಲ. ದುಡ್ಡು ನೀರುಪಾಲಾಗುವ ಜಾಗ ಮಾತ್ರ ಎರಡಿವೆ: ಪ್ಯಾನೆಲ್ಲಿಗೆ ಹೊಂದದ ಬೋರ್ಡ್ ತರಿಸಿಕೊಳ್ಳುವುದು, ಮತ್ತು ಬೋರ್ಡಿನ ಮೇಲೆ ವೋಲ್ಟ್ ಆರಿಸುವ ಸಣ್ಣ ಟೋಪಿ, ಅಂದರೆ ಜಂಪರ್, ನೋಡದೆ ಕರೆಂಟ್ ಕೊಡುವುದು.

ಮೊದಲು ಲೆಕ್ಕ ಹಾಕೋಣ. ಬೋರ್ಡು, ಪ್ಯಾನೆಲ್ ಕೇಬಲ್ಲು, ಬಟನ್ ಪಟ್ಟಿ ಸೇರಿದ ಕಿಟ್ ಸುಮಾರು ಒಂದೂವರೆಯಿಂದ ಎರಡೂವರೆ ಸಾವಿರ ರೂಪಾಯಿ. ಹೊಸ 22 ಇಂಚಿನ ಫುಲ್ ಎಚ್‌ಡಿ ಮಾನಿಟರ್ ಆರೇಳು ಸಾವಿರಕ್ಕೆ ಬರುತ್ತದೆ. ಪ್ಯಾನೆಲ್ ನಿಮ್ಮ ಹತ್ತಿರ ಬಿಟ್ಟಿ ಬಿದ್ದಿದ್ದರೆ ಮಾತ್ರ ಈ ಕೆಲಸಕ್ಕೆ ಅರ್ಥ. ಪ್ಯಾನೆಲ್ಲನ್ನೂ ದುಡ್ಡು ಕೊಟ್ಟು ತರಬೇಕೆಂದರೆ ಸುಮ್ಮನೆ ಸೆಕೆಂಡ್‌ಹ್ಯಾಂಡ್ ಮಾನಿಟರ್ ತಂದುಬಿಡಿ. ಹಾಗೆಂದು ಹಳೇ ಪ್ಯಾನೆಲ್ಲನ್ನು ಕೀಳಾಗಿಯೂ ನೋಡಬೇಕಿಲ್ಲ. 15.6 ಇಂಚಿನ 1366×768 ಪರದೆಯಲ್ಲಿ ಒಂದು ಇಂಚಿಗೆ ಸುಮಾರು 100 ಪಿಕ್ಸೆಲ್ ಇರುತ್ತವೆ. 22 ಇಂಚು ಎಂದು ಮಾರುವ, ಅಳೆದರೆ 21.5 ಇಂಚು ಬರುವ ಫುಲ್ ಎಚ್‌ಡಿ ಮಾನಿಟರಿನಲ್ಲಿ ಸುಮಾರು 102. ಅಕ್ಷರದ ಸ್ಪಷ್ಟತೆ ಎರಡರಲ್ಲೂ ಒಂದೇ, ಜಾಗ ಮಾತ್ರ ಕಡಿಮೆ. ಮೇಲ್ ತೆರೆದಿಡಲು, ಸಿಸಿಟಿವಿ ಡಿವಿಆರ್‌ಗೆ, ರಾಸ್ಪ್‌ಬೆರಿ ಪೈಗೆ ಇದು ಸಾಕು. ದಿನವಿಡೀ ಎಕ್ಸೆಲ್ ಹಾಳೆ ನೋಡುವವರಿಗೆ ಸಾಲದು.

ಪ್ಯಾನೆಲ್ ಬಿಚ್ಚುವುದು

ಅಡಾಪ್ಟರ್ ಕಿತ್ತು, ಬ್ಯಾಟರಿಯನ್ನೂ ಹೊರತೆಗೆಯಿರಿ. ಬ್ಯಾಟರಿ ಒಳಗೇ ಇರುವ ಮಾದರಿಯಾದರೆ ತಳದ ಮುಚ್ಚಳ ತೆಗೆದು ಅದರ ಕನೆಕ್ಟರ್ ಬಿಡಿಸಿ. ಪರದೆಯ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಸಣ್ಣ ರಬ್ಬರ್ ಬಿಲ್ಲೆಗಳಿರುತ್ತವೆ, ಸ್ಕ್ರೂಗಳು ಅವುಗಳ ಕೆಳಗೆ ಅಡಗಿರುತ್ತವೆ. ಸ್ಕ್ರೂ ತೆಗೆದ ಮೇಲೆ ಚೌಕಟ್ಟನ್ನು ಒಳಅಂಚಿನಿಂದ ಬೆರಳಲ್ಲೇ ಎಬ್ಬಿಸುತ್ತಾ ಬನ್ನಿ. ಸ್ಕ್ರೂಡ್ರೈವರ್ ತೂರಿಸಿದರೆ ಅದರ ತುದಿ ನೇರ ಗಾಜಿಗೇ ತಾಗುತ್ತದೆ. ಹಳೇ ಪ್ಯಾನೆಲ್ಲಿಗೆ ಎರಡೂ ಬದಿಯಲ್ಲಿ ಸ್ಕ್ರೂ ಇರುತ್ತದೆ, ತೆಳುವಾದವುಗಳಿಗೆ ಮೇಲೂ ಕೆಳಗೂ ಲೋಹದ ಕಿವಿಗಳು. ಇನ್ನೂ ಹೊಸತರಲ್ಲಿ ಬರೀ ಅಂಟು ಪಟ್ಟಿ, ಅದರ ತುದಿ ಹಿಡಿದು ನಿಧಾನ ಎಳೆದರೆ ಉದ್ದವಾಗುತ್ತಾ ಈಚೆ ಬರುತ್ತದೆ.

ಪರದೆಯನ್ನು ಮುಖ ಕೆಳಗೆ ಮಾಡಿ ಮೆತ್ತನೆಯ ಬಟ್ಟೆಯ ಮೇಲೆ ಮಲಗಿಸಿ. ಹಿಂದೆ ಕೆಳಅಂಚಿನ ಹತ್ತಿರ ಕೇಬಲ್ ಕನೆಕ್ಟರ್, ಅದರ ಮೇಲೆ ಪಾರದರ್ಶಕ ಟೇಪು. ಟೇಪು ಎಬ್ಬಿಸಿ, ಕನೆಕ್ಟರಿಗೆ ಲೋಹದ ಬಳೆಯಿದ್ದರೆ ಅದನ್ನು ಹಿಂದಕ್ಕೆ ಮಡಚಿ, ಪ್ಯಾನೆಲ್ಲಿಗೆ ಸಮಾನಾಂತರವಾಗಿ ಎಳೆಯಿರಿ. ಮೇಲಕ್ಕೆತ್ತಿದರೆ ಸಾಕೆಟ್ಟೇ ಕಿತ್ತು ಬರುತ್ತದೆ. ಪ್ಯಾನೆಲ್ ಎತ್ತುವಾಗ ಕೆಳಅಂಚಿನ ಹಸಿರು ಪಟ್ಟಿಯನ್ನು ಹಿಡಿಯಲೇಬೇಡಿ. ಆ ಪಟ್ಟಿಯಿಂದ ಗಾಜಿಗೆ ಹೋಗುವ ತೆಳು ಫಿಲ್ಮ್ ಒಮ್ಮೆ ಮುರಿದರೆ ಪರದೆಯಲ್ಲಿ ಉದ್ದುದ್ದ ಗೆರೆಗಳು ಬೀಳುತ್ತವೆ, ಅದಕ್ಕೆ ಮನೆಯಲ್ಲಿ ಮದ್ದಿಲ್ಲ.

ಲ್ಯಾಪ್‌ಟಾಪ್ ಇನ್ನೂ ಒಂದಿಷ್ಟು ಆನ್ ಆಗುವ ಸ್ಥಿತಿಯಲ್ಲಿದ್ದರೆ, ಬಿಚ್ಚುವ ಮೊದಲೇ ಪರದೆಯಲ್ಲಿ ಗೆರೆ, ಕಲೆ, ಹಳದಿ ಛಾಯೆ ಇದೆಯೇ ನೋಡಿಕೊಳ್ಳಿ. ಗೆರೆ ಇರುವ ಪ್ಯಾನೆಲ್ಲಿಗೆ ಎರಡು ಸಾವಿರದ ಬೋರ್ಡ್ ಹಾಕಿದರೂ ಗೆರೆ ಅಲ್ಲೇ ಇರುತ್ತದೆ.

ಹಿಂದಿನ ಚೀಟಿಯೇ ಜಾತಕ

ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ ನಂಬಿ ಬೋರ್ಡ್ ತರಿಸಬೇಡಿ. ಒಂದೇ ಮಾದರಿಗೆ ಮೂರು ನಾಲ್ಕು ಕಂಪನಿಗಳ ಪ್ಯಾನೆಲ್ ಹಾಕಿರುತ್ತಾರೆ. ಬೇಕಾದದ್ದು ಪ್ಯಾನೆಲ್ ಹಿಂದಿನ ಚೀಟಿಯ ನಂಬರು, ಅದೂ ಬಾಲದ, ಅಂದರೆ ಕೊನೆಯ ಅಕ್ಷರಗಳ ಸಮೇತ. ಎಲ್‌ಪಿ ಎಂದು ಶುರುವಾದರೆ ಎಲ್‌ಜಿ, ಎಲ್‌ಟಿಎನ್ ಆದರೆ ಸ್ಯಾಮ್‌ಸಂಗ್, ಬಿ ಆದರೆ ಎಯುಓ, ಎನ್ ಆದರೆ ಚಿಮೇ ಅಥವಾ ಇನೋಲಕ್ಸ್, ಎನ್‌ಟಿ ಆದರೆ ಬಿಓಇ. ನಂತರದ ಮೂರು ಅಂಕೆ ಅಳತೆ: 156 ಎಂದರೆ 15.6 ಇಂಚು, 140 ಎಂದರೆ 14 ಇಂಚು.

ಬಾಲದಲ್ಲಿ ಗೊತ್ತಾಗುವುದು ಎಲ್ಲಕ್ಕಿಂತ ಮುಖ್ಯವಾದ ಸಂಗತಿ, ಪ್ಯಾನೆಲ್ ಎಲ್‌ವಿಡಿಎಸ್ಸೋ ಇಡಿಪಿಯೋ ಎಂಬುದು. ಇವೆರಡೂ ಸಂಕೇತ ಕಳಿಸುವ ಬೇರೆ ಬೇರೆ ಪದ್ಧತಿಗಳು. ಒಂದರ ಬೋರ್ಡ್ ಇನ್ನೊಂದಕ್ಕೆ ಯಾವ ಜನ್ಮಕ್ಕೂ ಹೊಂದುವುದಿಲ್ಲ. ಉದಾಹರಣೆಗೆ ಎಲ್‌ಜಿಯ ಎಲ್‌ಪಿ156ಡಬ್ಲ್ಯೂಎಚ್4 ಪಕ್ಕದಲ್ಲಿ ಟಿಎಲ್ ಇದ್ದರೆ ಎಲ್‌ವಿಡಿಎಸ್. ಎಲ್‌ಪಿ156ಡಬ್ಲ್ಯೂಎಚ್‌ಬಿ ಪಕ್ಕದಲ್ಲಿ ಟಿಪಿ ಇದ್ದರೆ ಇಡಿಪಿ. ಚಿಮೇಯ ಎನ್156ಬಿಜಿಇ ಮುಂದೆ ಎಲ್21 ಇದ್ದರೆ ಎಲ್‌ವಿಡಿಎಸ್, ಇ41 ಇದ್ದರೆ ಇಡಿಪಿ.

ಕನೆಕ್ಟರಿನ ಪಿನ್ ಎಣಿಸಿದರೂ ಅಂದಾಜು ಸಿಗುತ್ತದೆ. ಎಲ್‌ಇಡಿ ಬ್ಯಾಕ್‌ಲೈಟಿನ (ಪರದೆಯನ್ನು ಹಿಂದಿನಿಂದ ಬೆಳಗುವ ದೀಪದ) ಪ್ಯಾನೆಲ್ಲುಗಳಲ್ಲಿ 40 ಪಿನ್ ಹೆಚ್ಚಾಗಿ ಎಲ್‌ವಿಡಿಎಸ್, 30 ಪಿನ್ ಹೆಚ್ಚಾಗಿ ಇಡಿಪಿ. ‘ಹೆಚ್ಚಾಗಿ’ ಎಂದದ್ದಕ್ಕೆ ಕಾರಣವಿದೆ: ಟಚ್ ಇರುವ, 120 ಹರ್ಟ್ಸ್‌ನ, 4ಕೆ ಪ್ಯಾನೆಲ್ಲುಗಳಲ್ಲಿ ಇಡಿಪಿಯೇ 40 ಪಿನ್ನಿನಲ್ಲಿ ಬರುತ್ತದೆ. ಟಚ್ ಪ್ಯಾನೆಲ್ಲಿನ ತಂಟೆಗೆ ಹೋಗದಿರುವುದೇ ಕ್ಷೇಮ.

ಇನ್ನೂ ಹಳೆಯವು ಬೆಳಕಿಗೆ ಎಲ್‌ಇಡಿ ಬದಲು ಸಿಸಿಎಫ್‌ಎಲ್ ಎಂಬ ಸಣ್ಣ ಟ್ಯೂಬ್‌ಲೈಟ್ ಇರುವವು. ಗುರುತು ಸುಲಭ, ಪ್ಯಾನೆಲ್ಲಿನ ಪಕ್ಕದಿಂದ ಎರಡೇ ತಂತಿಯ ಇನ್ನೊಂದು ಕನೆಕ್ಟರ್ ಹೊರಟು ಇನ್ವರ್ಟರ್ ಎಂಬ ಉದ್ದನೆಯ ಬೋರ್ಡಿಗೆ ಹೋಗಿರುತ್ತದೆ. ಆ ತಂತಿಯಲ್ಲಿ ಓಡುವುದು ನೂರಾರು ವೋಲ್ಟ್, ಟ್ಯೂಬಿನೊಳಗೆ ಪಾದರಸ. ಬೆಳಕೂ ಮಂಕಾಗಿರುತ್ತದೆ. ಅದಕ್ಕೆ ದುಡ್ಡು ಹಾಕದೆ ಇ-ವೇಸ್ಟಿಗೆ ಕೊಡಿ.

ಯಾವ ಬೋರ್ಡು

ಎಲ್‌ವಿಡಿಎಸ್‌ಗೆ ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆಯೂ ಆನ್‌ಲೈನಿನಲ್ಲೂ ಕೇಳಬೇಕಾದ ಹೆಸರು ವಿ56 ಅಥವಾ ವಿ59 ಯೂನಿವರ್ಸಲ್ ಬೋರ್ಡ್. ಟಿವಿ ರಿಪೇರಿಯವರು ಬಳಸುವುದೂ ಇದನ್ನೇ. ಎಚ್‌ಡಿಎಂಐ, ವಿಜಿಎ, ಎವಿ, ಯುಎಸ್‌ಬಿ ಎಲ್ಲ ಇರುತ್ತದೆ, ಜೊತೆಗೆ ರಿಮೋಟು. ಇಡಿಪಿಗೆ ರಿಯಲ್‌ಟೆಕ್‌ನ ಆರ್‌ಟಿಡಿ2556 ಚಿಪ್ಪಿನ ಬೋರ್ಡುಗಳು ಸಿಗುತ್ತವೆ. ಕೊಳ್ಳುವಾಗ ಪ್ಯಾನೆಲ್ಲಿನ ಪೂರ್ತಿ ನಂಬರ್ ಕೊಟ್ಟು, ಅದಕ್ಕೇ ಪ್ರೋಗ್ರಾಂ ಮಾಡಿ ಕಳಿಸಲು ಹೇಳಿ. 1366×768 ಪ್ಯಾನೆಲ್ಲಿಗೆ ಒಂದು ಲೇನಿನ, ಅಂದರೆ ಚಿತ್ರದ ಡೇಟಾಕ್ಕೆ ಒಂದೇ ಜೋಡಿ ತಂತಿಯ, ಇಡಿಪಿ ಕೇಬಲ್ ಸಾಕು. 1920×1080ಕ್ಕೆ 60 ಹರ್ಟ್ಸ್‌ನಲ್ಲಿ ಎರಡು ಲೇನ್ ಬೇಕೇ ಬೇಕು. ಒಂದು ಲೇನ್ ಸೆಕೆಂಡಿಗೆ ಹೊರುವ 2.7 ಗಿಗಾಬಿಟ್ಟಿನಲ್ಲಿ ಕೋಡಿಂಗ್ ಕಳೆದು ಚಿತ್ರಕ್ಕೆ ಉಳಿಯುವುದು 2.16 ಮಾತ್ರ. ಫುಲ್ ಎಚ್‌ಡಿಗೆ 6 ಬಿಟ್ ಬಣ್ಣದಲ್ಲೇ ಸುಮಾರು 2.67 ಬೇಕಾಗುತ್ತದೆ.

ವಿ59 ಬೋರ್ಡ್ ಬೇರೆ ಪ್ಯಾನೆಲ್ಲಿನ ಪ್ರೋಗ್ರಾಂ ಹೊತ್ತು ಬಂದಿದ್ದರೆ ಮನೆಯಲ್ಲೇ ಬದಲಿಸಬಹುದು. ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಲ್ಲಿ ನಿಮ್ಮ ಪ್ಯಾನೆಲ್ಲಿಗೆ ಹೊಂದುವ ಪ್ರೋಗ್ರಾಂ ಫೈಲೊಂದನ್ನೇ ಇಟ್ಟು, ಹೆಸರು ಬದಲಿಸದೆ, ಬೋರ್ಡಿಗೆ ಚುಚ್ಚಿ ಕರೆಂಟ್ ಕೊಡಿ. ಎಲ್‌ಇಡಿ ಮಿನುಗುತ್ತದೆ. ಮಿನುಗುವುದು ನಿಲ್ಲುವ ತನಕ ಕೈ ಹಾಕಬೇಡಿ, ನಡುವೆ ಕರೆಂಟ್ ಹೋದರೆ ಬೋರ್ಡ್ ಮೂಕಾಗುತ್ತದೆ. ಯುಪಿಎಸ್ ಇದ್ದರೆ ಅದಕ್ಕೆ ಹಾಕಿಯೇ ಮಾಡಿ. ಆಮೇಲೆ ಮೆನು ಚೀನೀ ಭಾಷೆಯಲ್ಲಿ ಬಂದರೆ ಗಾಬರಿ ಬೇಡ, ಸೆಟಿಂಗಿನೊಳಗೆ ಭಾಷೆ ಬದಲಿಸುವ ಸಾಲು ಇರುತ್ತದೆ.

ಜಂಪರ್

ಯೂನಿವರ್ಸಲ್ ಬೋರ್ಡಿನಲ್ಲಿ 3.3, 5, 12 ಎಂದು ಬರೆದ ಪಿನ್ನುಗಳ ಮೇಲೆ ಒಂದು ಸಣ್ಣ ಕಪ್ಪು ಟೋಪಿ ಇರುತ್ತದೆ. ಪ್ಯಾನೆಲ್ಲಿನ ಲಾಜಿಕ್ ಭಾಗಕ್ಕೆ ಎಷ್ಟು ವೋಲ್ಟ್ ಹೋಗಬೇಕೆಂದು ತೀರ್ಮಾನಿಸುವುದು ಅದೇ. ಲ್ಯಾಪ್‌ಟಾಪ್ ಪ್ಯಾನೆಲ್ಲಿಗೆ 3.3, ಡೆಸ್ಕ್‌ಟಾಪ್ ಮಾನಿಟರ್ ಪ್ಯಾನೆಲ್ಲಿಗೆ ಸಾಮಾನ್ಯವಾಗಿ 5, ಟಿವಿ ಪ್ಯಾನೆಲ್ಲಿಗೆ 12. ಈ ಬೋರ್ಡುಗಳ ದೊಡ್ಡ ಗಿರಾಕಿ ಟಿವಿ ರಿಪೇರಿಯವರಾದ್ದರಿಂದ ಟೋಪಿ 5ರ ಮೇಲೋ 12ರ ಮೇಲೋ ಕೂತು ಬಂದಿರುವ ಸಾಧ್ಯತೆ ಇದ್ದೇ ಇದೆ. 3.3 ವೋಲ್ಟಿನ ಪ್ಯಾನೆಲ್ಲಿಗೆ 12 ಹೋದರೆ ಸದ್ದಿಲ್ಲ, ಹೊಗೆಯೂ ಕಾಣದಿರಬಹುದು. ಪರದೆ ಮಾತ್ರ ಮತ್ತೆ ಬರುವುದಿಲ್ಲ.

ಆದ್ದರಿಂದ ಪ್ಯಾನೆಲ್ ಜೋಡಿಸುವ ಮೊದಲೇ ಬರೀ ಬೋರ್ಡಿಗೆ ಅಡಾಪ್ಟರ್ ಕೊಟ್ಟು ಅಳೆಯಿರಿ. ಮಲ್ಟಿಮೀಟರಿನ ಕಪ್ಪು ಕಡ್ಡಿ ಎಚ್‌ಡಿಎಂಐ ಸಾಕೆಟ್ಟಿನ ಲೋಹಕ್ಕೆ, ಕೆಂಪು ಕಡ್ಡಿ ಜಂಪರ್ ಟೋಪಿಯ ನೆತ್ತಿಯಲ್ಲಿ ಇಣುಕುವ ಲೋಹಕ್ಕೆ. 3.2ರಿಂದ 3.4ರೊಳಗೆ ಬಂದರೆ ಸರಿ. ಕೇಬಲ್ ಕೂರುವ ಪಿನ್ನುಗಳಲ್ಲೇ ಅಳೆಯಲು ಹೋದರೆ ಎರಡು ತೊಂದರೆ: ಬೋರ್ಡ್ ಸ್ಟ್ಯಾಂಡ್‌ಬೈನಲ್ಲಿದ್ದರೆ ಅಲ್ಲಿ ಸೊನ್ನೆ ತೋರಿಸಿ ದಾರಿ ತಪ್ಪಿಸುತ್ತದೆ, ಮತ್ತು ಕಡ್ಡಿ ಜಾರಿ ಪಕ್ಕದ ಗ್ರೌಂಡ್ ಪಿನ್ನಿಗೆ ತಾಗಿದರೆ ಶಾರ್ಟ್.

ಅಡಾಪ್ಟರ್ 12 ವೋಲ್ಟ್ 2 ಆಂಪಿಯರಿನದು ಸಾಕು. 15.6 ಇಂಚಿನ ಎಲ್‌ಇಡಿ ಪ್ಯಾನೆಲ್ಲೂ ಬೋರ್ಡೂ ಸೇರಿ ಹತ್ತು ವಾಟಿನ ಆಸುಪಾಸು ಎಳೆಯುತ್ತವೆ. ಹಳೇ ರೂಟರಿನದೋ ಸೆಟ್‌ಟಾಪ್ ಬಾಕ್ಸಿನದೋ ಇದ್ದರೆ ಅದನ್ನೇ ಬಳಸಬಹುದು, ಆದರೆ ಮೂರು ವಿಷಯ ನೋಡಿ. ಚೀಟಿಯಲ್ಲಿ ಒಳಪಿನ್ ಪ್ಲಸ್ ಎಂಬ ಗುರುತಿರಬೇಕು. ಜ್ಯಾಕ್ 5.5×2.1 ಮಿ.ಮೀ. ಅಳತೆಯದೋ 5.5×2.5ರದೋ ಎಂದು ಬೋರ್ಡಿಗೆ ಹಾಕಿ ಪರೀಕ್ಷಿಸಬೇಕು, ಸಡಿಲವಾದರೆ ಪರದೆ ಆಗಾಗ ಆರುತ್ತದೆ. ಮೂರನೆಯದು, ಕೈಗೆ ಭಾರವೆನಿಸುವ ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಬೇಡ. ಹೊರೆಯಿಲ್ಲದಾಗ ಅದು 16–17 ವೋಲ್ಟ್ ಕೊಡುತ್ತದೆ.

ಬ್ಯಾಕ್‌ಲೈಟಿಗೆ ಹೋಗುವುದು ಬೇರೆ ದಾರಿ. 40 ಪಿನ್ನಿನ ಕೇಬಲ್ಲಿನಿಂದ ಒಂದು ಸಣ್ಣ ಕವಲು ಹೊರಟು ಬೋರ್ಡಿನ 6 ಪಿನ್ ಸಾಕೆಟ್ಟಿಗೆ ಕೂರುತ್ತದೆ. ಅದರಲ್ಲಿ ಇರುವುದು 12 ವೋಲ್ಟ್, ಆನ್-ಆಫ್ ಸಂಕೇತ, ಬೆಳಕು ಹೆಚ್ಚು ಕಡಿಮೆ ಮಾಡುವ ಸಂಕೇತ, ಗ್ರೌಂಡ್. 14, 15.6 ಇಂಚಿನ ಸಾಮಾನ್ಯ ಪ್ಯಾನೆಲ್ಲುಗಳು ಬ್ಯಾಕ್‌ಲೈಟಿಗೆ 12 ವೋಲ್ಟನ್ನು ನಿರಾತಂಕವಾಗಿ ತೆಗೆದುಕೊಳ್ಳುತ್ತವೆ. ನೆಟ್‌ಬುಕ್, ಟ್ಯಾಬ್ಲೆಟ್ಟಿನ ಚಿಕ್ಕ ಪ್ಯಾನೆಲ್ಲಾದರೆ ಡೇಟಾಶೀಟಿನಲ್ಲಿ ವಿಎಲ್‌ಇಡಿ ಎಂಬ ಸಾಲು (ಬ್ಯಾಕ್‌ಲೈಟಿಗೆ ಎಷ್ಟು ವೋಲ್ಟ್ ಎಂಬುದು) ನೋಡದೆ ಕೊಡಬೇಡಿ.

ಎಲ್‌ವಿಡಿಎಸ್ ಕೇಬಲ್ಲಿನ ಬೋರ್ಡ್ ತುದಿ ಎರಡು ಸಾಲಿನ 30 ಪಿನ್ನಿನದು, ಉಲ್ಟಾ ಹಾಕಿದರೂ ಕೂರುತ್ತದೆ, ಅದೇ ಅದರ ಕೆಟ್ಟ ಗುಣ. ಬೋರ್ಡಿನ ಮೇಲೆ 1ನೇ ಪಿನ್ನಿಗೆ ಬಾಣವೋ ಚುಕ್ಕಿಯೋ ಇರುತ್ತದೆ. ಕೇಬಲ್ಲಿನ ಕೆಂಪು ತಂತಿಗಳು, ಅಂದರೆ 3.3 ವೋಲ್ಟ್ ಒಯ್ಯುವವು, ಆ ಕಡೆಗೆ ಬರಬೇಕು. ಬಣ್ಣದ ಮೇಲೆ ನಂಬಿಕೆ ಇಲ್ಲದಿದ್ದರೆ ಮಲ್ಟಿಮೀಟರಿನಲ್ಲಿ ಕಂಟಿನ್ಯೂಟಿ ಬೀಪ್ (ಎರಡು ತುದಿ ಸೇರಿದ್ದರೆ ಸದ್ದು ಮಾಡುವ ಪರೀಕ್ಷೆ) ಹಾಕಿ, 40 ಪಿನ್ ತುದಿಯ 2 ಮತ್ತು 3ನೇ ಪಿನ್ ಬೋರ್ಡ್ ತುದಿಯ ಮೊದಲ ಮೂರರಲ್ಲಿ ಎಲ್ಲಿಗೆ ಸೇರುತ್ತವೆ ನೋಡಿಕೊಳ್ಳಿ. ಉಲ್ಟಾ ಹಾಕಿ ಆನ್ ಮಾಡಿದ್ದರೆ ಪ್ಯಾನೆಲ್ಲಿನ ಕನೆಕ್ಟರ್ ಪಕ್ಕದಲ್ಲಿ ಎಫ್1 ಎಂದು ಬರೆದ, ಅಕ್ಕಿಕಾಳಿನಷ್ಟು ಫ್ಯೂಸ್ ಇದೆಯೇ ಹುಡುಕಿ ಬೀಪ್ ಪರೀಕ್ಷೆ ಮಾಡಿ. ಅದೊಂದೇ ಹೋಗಿದ್ದರೆ ಅದೃಷ್ಟ, ಬದಲಿಸಿದರೆ ಪರದೆ ಬದುಕುತ್ತದೆ.

ಆನ್ ಮಾಡಿದಾಗ ಕಾಣುವ ರೋಗಗಳು

ಪರದೆ ಪೂರ್ತಿ ಬಿಳಿ: ಬ್ಯಾಕ್‌ಲೈಟ್ ಸರಿಯಿದೆ, ಚಿತ್ರದ ಸಂಕೇತವೋ 3.3 ವೋಲ್ಟೋ ತಲುಪಿಲ್ಲ. ಪರದೆಗಳಲ್ಲಿ ಟಿಎನ್, ಐಪಿಎಸ್ ಎಂದು ಎರಡು ಬಗೆ; ಟಿಎನ್ ಪ್ಯಾನೆಲ್ಲುಗಳು ಸಂಕೇತವಿಲ್ಲದಾಗ ಬೆಳಕನ್ನು ಹಾಗೇ ಬಿಡುತ್ತವೆ. ಐಪಿಎಸ್ ಆದರೆ ಇದೇ ರೋಗ ಕಪ್ಪಾಗಿ ಕಾಣುತ್ತದೆ. ಕೇಬಲ್ ಎರಡೂ ತುದಿ ಒತ್ತಿ ನೋಡಿ, ಕರೆಂಟ್ ತೆಗೆದ ಮೇಲೆ.

ಪರದೆ ಕಪ್ಪು, ಆದರೆ ಓರೆಯಾಗಿ ಟಾರ್ಚ್ ಹಿಡಿದರೆ ಮೆನು ಮಂಕಾಗಿ ಕಾಣುತ್ತಿದೆ: ಚಿತ್ರ ಬರುತ್ತಿದೆ, ಬ್ಯಾಕ್‌ಲೈಟ್ ಹತ್ತಿಲ್ಲ. 6 ಪಿನ್ನಿನ ಕವಲನ್ನು ನೋಡಿ. 12 ವೋಲ್ಟ್ ಇದ್ದು ಆನ್ ಸಂಕೇತ ಸೊನ್ನೆಯಿದ್ದರೆ ತಪ್ಪು ಬೋರ್ಡಿನ ಕಡೆ.

ಬಣ್ಣ ಎಣ್ಣೆ ಚೆಲ್ಲಿದಂತೆ ಪಟ್ಟೆಪಟ್ಟೆ, ಮುಖಗಳು ನೆಗೆಟಿವ್ ಫಿಲ್ಮಿನ ಹಾಗೆ: ಬೋರ್ಡ್ 8 ಬಿಟ್ ಕಳಿಸುತ್ತಿದೆ, ಪ್ಯಾನೆಲ್ 6 ಬಿಟ್ಟಿನದು, ಇಲ್ಲವೇ ಬಿಟ್‌ಗಳ ಕ್ರಮ ಅದಲುಬದಲಾಗಿದೆ. ಪ್ಯಾನೆಲ್ ಹಾಳಾಗಿಲ್ಲ, ಸರಿಯಾದ ಪ್ರೋಗ್ರಾಂ ಹಾಕಿದರೆ ಸರಿಹೋಗುತ್ತದೆ. ಒಂದೇ ಚಿತ್ರ ಎರಡೆರಡಾಗಿ, ಅಥವಾ ಸೀಳಿದ ಹಾಗೆ ಕಂಡರೆ ಸಿಂಗಲ್ ಚಾನೆಲ್, ಡ್ಯುಯಲ್ ಚಾನೆಲ್ ವ್ಯತ್ಯಾಸ. ಇದೂ ಪ್ರೋಗ್ರಾಮಿನದೇ ದೋಷ.

ಬೆಳಕು ಹೆಚ್ಚಿಸಿದೊಡನೆ ಬೋರ್ಡ್ ಆರಿ ಮತ್ತೆ ಹತ್ತುವುದು ಬಹುಮಟ್ಟಿಗೆ ಅಡಾಪ್ಟರಿನ ಕೈಲಾಗದತನ.

ಎಲ್ಲ ಸರಿಯಾಗಿ ಬಂದ ಮೇಲೆ ಉಳಿಯುವ ಕಿರಿಕಿರಿ ಮಸುಕು. ಈ ಬೋರ್ಡುಗಳು ಮೂಲತಃ ಟಿವಿಯವು, ಹಾಗಾಗಿ ಕಂಪ್ಯೂಟರಿಗೆ ತಾವು 1920×1080 ಎಂದು ಹೇಳಿಕೊಂಡು, ಬಂದ ಚಿತ್ರವನ್ನು 1366ಕ್ಕೆ ಕುಗ್ಗಿಸುತ್ತವೆ. ಇಂಗ್ಲಿಷ್ ಅಕ್ಷರಕ್ಕೆ ಇದು ಅಷ್ಟು ಗೊತ್ತಾಗದು, ಕನ್ನಡಕ್ಕೆ ತಕ್ಷಣ ಗೊತ್ತಾಗುತ್ತದೆ. ‘ಲಕ್ಷ್ಮಿ’, ‘ಸ್ತ್ರೀ’, ‘ರಾಷ್ಟ್ರ’ ಎಂದು 10 ಪಾಯಿಂಟಿನಲ್ಲಿ ಟೈಪ್ ಮಾಡಿ ನೋಡಿ. ಒತ್ತಕ್ಷರಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದರೆ ರೆಸಲ್ಯೂಶನ್ ಹೊಂದಿಲ್ಲ ಎಂದೇ ಅರ್ಥ. ವಿಂಡೋಸಿನಲ್ಲಿ ಡಿಸ್‌ಪ್ಲೇ ಅಡಾಪ್ಟರಿನ ಪ್ರಾಪರ್ಟೀಸಿಗೆ ಹೋಗಿ ಎಲ್ಲ ಮೋಡ್‌ಗಳ ಪಟ್ಟಿಯಿಂದ 1366×768 ಆರಿಸಿ. ಇಲ್ಲದಿದ್ದರೆ ಗ್ರಾಫಿಕ್ಸ್ ಡ್ರೈವರಿನ ಕಸ್ಟಮ್ ರೆಸಲ್ಯೂಶನ್ನಿನಲ್ಲಿ ಸೇರಿಸಿ. ಲಿನಕ್ಸಿನ ಸಿವಿಟಿ ಕಮಾಂಡಿಗೆ (ಬೇಕಾದ ರೆಸಲ್ಯೂಶನ್ನಿಗೆ ಸಂಖ್ಯೆಗಳನ್ನು ಲೆಕ್ಕ ಹಾಕಿ ಕೊಡುವುದು) 1366 ಕೊಟ್ಟರೆ ಅದು 8ರಿಂದ ಭಾಗವಾಗುವ 1368ಕ್ಕೆ ಏರಿಸುತ್ತದೆ, ಆ ಎರಡು ಪಿಕ್ಸೆಲ್ ಮತ್ತೆ ಮಸುಕು ತರುತ್ತವೆ. ಎಕ್ಸ್‌ರ್ಯಾಂಡರಿಗೆ (ಲಿನಕ್ಸಿನಲ್ಲಿ ಪರದೆಯ ಮೋಡ್ ಹೊಂದಿಸುವ ಕಮಾಂಡ್) ಕೈಯಾರೆ ಕೊಡಬೇಕಾದ ಸಂಖ್ಯೆಗಳಿವು: 85.50, 1366 1436 1579 1792, 768 771 774 798, ಎರಡೂ ಸಿಂಕ್ ಪ್ಲಸ್. ಬೋರ್ಡಿನ ಮೆನುವಿನಲ್ಲಿ ಶಾರ್ಪ್‌ನೆಸ್ ಸೊನ್ನೆಗೆ ಇಳಿಸಿ, ಓವರ್‌ಸ್ಕ್ಯಾನ್ ಆಫ್ ಮಾಡಿ. ಅಂಚಿನ ಟಾಸ್ಕ್‌ಬಾರ್ ಅರ್ಧ ಕಾಣದಿರುವುದಕ್ಕೆ ಓವರ್‌ಸ್ಕ್ಯಾನೇ ಕಾರಣ.

ಮುಚ್ಚಳವೇ ಪೆಟ್ಟಿಗೆ

ಅಕ್ರಿಲಿಕ್ ಕತ್ತರಿಸಿ ಪೆಟ್ಟಿಗೆ ಮಾಡಿಸಿದರೆ ಉಳಿಸಿದ ದುಡ್ಡು ಅಲ್ಲಿಗೆ ಹೋಗುತ್ತದೆ. ಪ್ಯಾನೆಲ್ಲನ್ನು ಲ್ಯಾಪ್‌ಟಾಪಿನ ಅದೇ ಮುಚ್ಚಳಕ್ಕೆ ಮರಳಿ ಕೂರಿಸಿ, ಹಿಂಜುಗಳನ್ನು 12 ಮಿ.ಮೀ. ಪ್ಲೈವುಡ್ ತುಂಡಿಗೆ ಸ್ಕ್ರೂ ಹಾಕಿ. ಸ್ಟ್ಯಾಂಡೂ ಆಯಿತು, ಓರೆ ಮಾಡುವ ಸೌಕರ್ಯವೂ ಆಯಿತು. ಪ್ಲೈವುಡ್ ಅಗಲ ಒಂದು ಗೇಣಿಗಿಂತ ಕಡಿಮೆಯಾದರೆ ಹಿಂದಕ್ಕೆ ಬೀಳುತ್ತದೆ. ಬೋರ್ಡನ್ನು ಮುಚ್ಚಳದ ಬೆನ್ನಿಗೆ 10 ಮಿ.ಮೀ. ಸ್ಪೇಸರ್ ಕೊಟ್ಟು ಕೂರಿಸಿ. ಮುಚ್ಚಳ ಲೋಹದ್ದಾದರೆ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಇರಲೇಬೇಕು. ಸ್ಕ್ರೂ ಉದ್ದ ಹೆಚ್ಚಾಗಿ ಒಳಗೆ ಪ್ಯಾನೆಲ್ ಬೆನ್ನಿಗೆ ಒತ್ತಿದರೆ ಪರದೆಯಲ್ಲಿ ಬಿಳಿ ಮಚ್ಚೆ ಮೂಡುತ್ತದೆ, ಹಾಗಾಗಿ ಮೊದಲು ತೂತು, ಸ್ಕ್ರೂ ಎಲ್ಲ ಮುಗಿಸಿ ಆಮೇಲೆ ಪ್ಯಾನೆಲ್ ಹಾಕಿ. ಕಿಟ್ಟಿನ ಕೇಬಲ್ ಚಿಕ್ಕದಾಯಿತೆಂದು ತಂತಿ ಬೆಸೆದು ಉದ್ದ ಮಾಡಬೇಡಿ. ಹೆಣೆದ ಜೋಡಿ ತಂತಿಗಳ ಲೆಕ್ಕ ತಪ್ಪಿ ಚಿತ್ರ ಮಿಣಮಿಣ ಅನ್ನುತ್ತದೆ.

ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರುಗಳನ್ನು ಎಸೆಯಬೇಡಿ. ವಿ59ರಲ್ಲಿ ಸ್ಪೀಕರಿಗೆಂದೇ 4 ಪಿನ್ ಸಾಕೆಟ್ ಇದೆ, ಎಚ್‌ಡಿಎಂಐಯಲ್ಲಿ ಬರುವ ಸದ್ದು ಅಲ್ಲಿಗೆ ಬರುತ್ತದೆ. ಪ್ರತಿ ಸ್ಪೀಕರಿನ ಎರಡೂ ತಂತಿ ಆ ಸಾಕೆಟ್ಟಿಗೇ ಹೋಗಬೇಕು, ಮೈನಸ್ ತಂತಿಗಳನ್ನು ಒಟ್ಟು ಮಾಡಿ ಗ್ರೌಂಡಿಗೆ ಹಾಕಬಾರದು. ವಾಲ್ಯೂಮ್ ಪೂರ್ತಿ ಏರಿಸಿದರೆ ಕೋನ್ ಹರಿಯುತ್ತದೆ, ಅರ್ಧಕ್ಕೆ ನಿಲ್ಲಿಸಿ.

ಚೌಕಟ್ಟಿನ ಮೇಲಿರುವ ವೆಬ್‌ಕ್ಯಾಮ್ ಕೂಡ ಒಳಗಿನಿಂದ ಯುಎಸ್‌ಬಿಯೇ. ಹಳೇ ಯುಎಸ್‌ಬಿ ಕೇಬಲ್ ಒಂದನ್ನು ಕತ್ತರಿಸಿ ಬೆಸೆಯಬಹುದು: ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಹಸಿರು ಡೇಟಾ ಪ್ಲಸ್, ಬಿಳಿ ಡೇಟಾ ಮೈನಸ್. ತೊಡಕು ಒಂದೇ, ಹೆಚ್ಚಿನ ಲ್ಯಾಪ್‌ಟಾಪ್ ಕ್ಯಾಮೆರಾಗಳು ಬಯಸುವುದು 3.3 ವೋಲ್ಟ್. ನಡುವೆ ಎಎಂಎಸ್1117ರ 3.3 ವೋಲ್ಟ್ ರೆಗ್ಯುಲೇಟರ್, ಅಂದರೆ 5 ವೋಲ್ಟನ್ನು 3.3ಕ್ಕೆ ಇಳಿಸುವ ಮೂರು ಕಾಲಿನ ಚಿಪ್, ಹಾಕಿ. ಅಕ್ಷರ ಕಾಣುವಂತೆ, ಕಾಲು ಕೆಳಗಿರುವಂತೆ ಹಿಡಿದಾಗ ಎಡದಿಂದ ಗ್ರೌಂಡ್, ಔಟ್‌ಪುಟ್, ಇನ್‌ಪುಟ್. ಔಟ್‌ಪುಟ್ಟಿಗೂ ಗ್ರೌಂಡಿಗೂ ನಡುವೆ 22 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಿ. ಕ್ಯಾಮೆರಾ ತಂತಿಗಳ ಬಣ್ಣ ನಂಬಬೇಡಿ. ಲೋಹದ ಕವಚಕ್ಕೆ ಬೀಪ್ ಅನ್ನುವುದು ಗ್ರೌಂಡ್, ಒಂದಕ್ಕೊಂದು ಹೆಣೆದ ಎರಡು ತೆಳು ತಂತಿ ಡೇಟಾ, ಉಳಿದದ್ದರಲ್ಲಿ ಬೋರ್ಡಿನ ದೊಡ್ಡ ಕೆಪಾಸಿಟರಿಗೆ ಸೇರುವುದು ಪವರ್. ಚುಚ್ಚಿದಾಗ ಡಿವೈಸ್ ಗುರುತಾಗಲಿಲ್ಲ ಎಂಬ ಸಂದೇಶ ಬಂದರೆ ಡೇಟಾ ತಂತಿಗಳೆರಡನ್ನು ಅದಲುಬದಲು ಮಾಡಿ, ಅದರಿಂದ ಏನೂ ಸುಡುವುದಿಲ್ಲ. ಬಹುಪಾಲು ಕ್ಯಾಮೆರಾಗಳಿಗೆ ಡ್ರೈವರ್ ಬೇಕಿಲ್ಲ. ಪಕ್ಕದ ಮೈಕ್ ಮಾತ್ರ ಎಷ್ಟೋ ಮಾದರಿಗಳಲ್ಲಿ ಬೇರೆ ತಂತಿಯಲ್ಲಿ ನೇರ ಮದರ್‌ಬೋರ್ಡಿನ ಆಡಿಯೋ ಚಿಪ್ಪಿಗೆ ಹೋಗಿರುತ್ತದೆ. ಅದನ್ನು ಬಿಟ್ಟು ಇಯರ್‌ಫೋನಿನ ಮೈಕ್ ಬಳಸಿ.